ವೀಸ್ ಇಗರ್ಜಿ: ಹುಲ್ಲುಗಾವಲಿನ ನಡುವೆ ಒಂದು ರೊಕೊಕೊ ವೈಭವ

ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯ ರಾಜ್ಯದಲ್ಲಿ, ಆಲ್ಪ್ಸ್ ಪರ್ವತದ ತಪ್ಪಲಿನ ಹುಲ್ಲುಗಾವಲೊಂದರ ನಡುವೆ ವೀಸ್ ಇಗರ್ಜಿಯಿದೆ. ಜರ್ಮನ್ ಭಾಷೆಯಲ್ಲಿ ‘ವೀಸ್’ ಎಂದರೆ ಹುಲ್ಲುಗಾವಲು ಎಂದೇ ಅರ್ಥ. ಹೊರಗಿನಿಂದ ನೋಡಿದರೆ ಹಳ್ಳಿಗಾಡಿನ ಸರಳ ಕಟ್ಟಡ. ಒಳಗೆ ಕಾಲಿಟ್ಟೊಡನೆ ಬೆಳಕು, ಬಣ್ಣ ಮತ್ತು ಚಿನ್ನದ ಲೋಕ. ಯುರೋಪಿನ ರೊಕೊಕೊ ಶೈಲಿಯ ಅತ್ಯುತ್ತಮ ಕೃತಿಗಳಲ್ಲಿ ಒಂದೆಂದು ಪರಿಗಣಿತವಾದ ಈ ಕ್ಯಾಥೋಲಿಕ್ ದೇವಾಲಯವನ್ನು 1983ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಹಿನ್ನೆಲೆ

ಈ ವೈಭವದ ಮೂಲದಲ್ಲಿರುವುದು ಜನರು ಬದಿಗೆ ಸರಿಸಿದ್ದ ಒಂದು ಮರದ ಪ್ರತಿಮೆ. ಸಮೀಪದ ಸ್ಟೈನ್‌ಗಾಡೆನ್ ಮಠದವರು 1730ರಲ್ಲಿ ಶುಭ ಶುಕ್ರವಾರದ ಮೆರವಣಿಗೆಗಾಗಿ, ಚಾವಟಿಯೇಟು ತಿನ್ನುತ್ತಿರುವ ಯೇಸುವಿನ ವಿಗ್ರಹವೊಂದನ್ನು ಸಿದ್ಧಪಡಿಸಿದರು. ಹಳೆಯ ಪ್ರತಿಮೆಗಳ ಬಿಡಿಭಾಗಗಳನ್ನು ಕೂಡಿಸಿ, ಸಂದುಗಳಿಗೆ ನಾರುಬಟ್ಟೆ ಸುತ್ತಿ, ಬಣ್ಣ ಬಳಿದು ಅದನ್ನು ಮಾಡಲಾಗಿತ್ತು. ಗಾಯಗಳ ಚಿತ್ರಣ ನೋಡಲಾಗದಷ್ಟು ದಾರುಣವಾಗಿದ್ದುದರಿಂದ ಕೆಲವೇ ವರ್ಷಗಳಲ್ಲಿ ವಿಗ್ರಹವು ಮೆರವಣಿಗೆಯಿಂದ ಮರೆಯಾಯಿತು. ಮುಂದೆ ಮರಿಯಾ ಲೋರಿ ಎಂಬ ರೈತ ಮಹಿಳೆ ಅದನ್ನು ವೀಸ್‌ನಲ್ಲಿದ್ದ ತನ್ನ ಮನೆಗೆ ತಂದು ಪೂಜಿಸತೊಡಗಿದಳು. 1738ರ ಜೂನ್ 14ರಂದು ವಿಗ್ರಹದ ಮುಖದ ಮೇಲೆ ಕಣ್ಣೀರು ಕಂಡಿತೆಂಬ ಸುದ್ದಿ ಹಬ್ಬಿತು. ಯಾತ್ರಿಕರು ಬರತೊಡಗಿದರು. ಮೊದಲು ಕಟ್ಟಿದ ಪುಟ್ಟ ಪ್ರಾರ್ಥನಾ ಮಂದಿರವು ಸಾಲದಾಯಿತು.

ಆಗ ಮಠವು 1745ರಲ್ಲಿ ದೊಡ್ಡ ಇಗರ್ಜಿಯ ನಿರ್ಮಾಣಕ್ಕೆ ತೊಡಗಿತು. ವಾಸ್ತುಶಿಲ್ಪಿ ಡೊಮಿನಿಕುಸ್ ಝಿಮ್ಮರ್‌ಮಾನ್. ಚಿತ್ರಕಾರ ಆತನ ಅಣ್ಣ ಯೊಹಾನ್ ಬಾಪ್ಟಿಸ್ಟ್ ಝಿಮ್ಮರ್‌ಮಾನ್. ಇಬ್ಬರೂ ಗಾರೆಗೆಲಸಕ್ಕೆ ಹೆಸರಾದ ವೆಸ್ಸೊಬ್ರುನ್ ಪರಿಸರದಿಂದ ಬಂದವರು. 1754ರಲ್ಲಿ ಕಟ್ಟಡ ಪೂರ್ಣಗೊಂಡಿತು. ಡೊಮಿನಿಕುಸ್ ತನ್ನ ಕೊನೆಯ ದಿನಗಳನ್ನು ಇಗರ್ಜಿಯ ಪಕ್ಕದಲ್ಲೇ ಕಳೆದು, 1766ರಲ್ಲಿ ಅಲ್ಲಿಯೇ ತೀರಿಕೊಂಡನು.

ರೊಕೊಕೊ ಎಂದರೇನು?

ಚಿಪ್ಪು ಮತ್ತು ಬೆಣಚುಕಲ್ಲುಗಳ ಅಲಂಕಾರಕ್ಕೆ ಫ್ರೆಂಚ್ ಭಾಷೆಯಲ್ಲಿ ‘ರೊಕಾಯ್’ ಎನ್ನುತ್ತಾರೆ. ರೊಕೊಕೊ ಎಂಬ ಹೆಸರು ಅದರಿಂದ ಹುಟ್ಟಿದುದು. 18ನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಶೈಲಿ, ಅದಕ್ಕೂ ಮುಂಚಿನ ಬರೋಕ್ ಶೈಲಿಯ ಗಾಂಭೀರ್ಯವನ್ನು ಹಗುರಗೊಳಿಸಿತು. ಬಳ್ಳಿಯಂತೆ ಬಾಗುವ ರೇಖೆಗಳು, ಎಡಬಲ ಸಮವಲ್ಲದ ಚಿಪ್ಪಿನಾಕಾರಗಳು, ಬಿಳಿಯ ಹಿನ್ನೆಲೆಯ ಮೇಲೆ ತಿಳಿಬಣ್ಣ ಮತ್ತು ಚಿನ್ನದ ಲೇಪ ಇದರ ಲಕ್ಷಣಗಳು.

ಒಳಾಂಗಣವನ್ನು ನೋಡುವ ಬಗೆ

ಜನರು ಕುಳಿತುಕೊಳ್ಳುವ ಅಂಗಣವು ಮೊಟ್ಟೆಯಾಕಾರದಲ್ಲಿದೆ. ಅದರ ಸುತ್ತ ಜೋಡಿಜೋಡಿಯಾಗಿ ಬಿಳಿಯ ಕಂಬಗಳಿವೆ. ಅವುಗಳ ಹಿಂದಿನ ದೊಡ್ಡ ಕಿಟಕಿಗಳಿಂದ ಬರುವ ಬೆಳಕು ಗೋಡೆಗಳ ಭಾರವನ್ನೇ ಮರೆಸುತ್ತದೆ. ಕಂಬಗಳ ಮೇಲ್ಗಡೆ ಗಾರೆಯ ಅಲಂಕಾರ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ತೊಡಗಿತು ಎಂದು ಗುರುತಿಸಲು ಪ್ರಯತ್ನಿಸಿರಿ. ಆ ಗಡಿ ಸುಲಭವಾಗಿ ಸಿಗದು. ಕಣ್ಣಿಗೆ ಬಲು ಎತ್ತರದ ಗುಮ್ಮಟದಂತೆ ತೋರುವ ಮಾಳಿಗೆ ನಿಜದಲ್ಲಿ ಅಷ್ಟೇನೂ ಬಾಗಿಲ್ಲ. ಮರದ ಚೌಕಟ್ಟಿಗೆ ಗಾರೆ ಮೆತ್ತಿ ಮಾಡಿದ್ದು. ಆಕಾಶದ ಭ್ರಮೆ ಹುಟ್ಟಿಸುವುದು ಚಿತ್ರಕಾರನ ಕೌಶಲ.

ಮಾಳಿಗೆಯ ಚಿತ್ರದಲ್ಲಿ ಯೇಸು ಕಾಮನಬಿಲ್ಲಿನ ಮೇಲೆ ಕುಳಿತಿದ್ದಾನೆ. ಒಂದು ಕಡೆ ಅಂತಿಮ ತೀರ್ಪಿನ ಸಿಂಹಾಸನವಿದೆ. ಅದು ಇನ್ನೂ ಬರಿದು. ಎದುರು ಕಡೆ ನಿತ್ಯತೆಯ ಬಾಗಿಲಿದೆ. ಅದು ಇನ್ನೂ ಮುಚ್ಚಿದೆ. ತೀರ್ಪಿಗೆ ಮೊದಲು ಕರುಣೆಗೆ ಕಾಲಾವಕಾಶವಿದೆ ಎಂಬುದು ಇದರ ಇಂಗಿತ. ಮುಖ್ಯ ಬಲಿಪೀಠದಲ್ಲಿ ಆ ಹಳೆಯ ಮರದ ವಿಗ್ರಹ ಇಂದಿಗೂ ಇದೆ. ಸುತ್ತಲಿನ ಚಿನ್ನದ ನಡುವೆ ಸರಪಳಿಯಿಂದ ಬಂಧಿತನಾದ ಆ ಬಡ ಆಕೃತಿಯನ್ನು ಹುಡುಕಿ ನೋಡಬೇಕು. ಇಷ್ಟೆಲ್ಲ ಅಲಂಕಾರ ಇರುವುದು ಅದಕ್ಕಾಗಿಯೇ.

ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಭಿತ್ತಿಚಿತ್ರ ಕಲೆಯನ್ನು ಹತ್ತಿರದಲ್ಲೇ ಕಾಣಬಯಸುವ ಕಾಸರಗೋಡಿನ ಮಕ್ಕಳು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರವನ್ನು ನೋಡಬಹುದು. ಇಟಲಿಯ ಜೆಸ್ವಿತ್ ಕಲಾವಿದ ಆಂತೋನಿಯೊ ಮೊಸ್ಕೇನಿ ಅಲ್ಲಿಯ ಚಿತ್ರಗಳನ್ನು ಬರೆದನು. ಅದು ರೊಕೊಕೊ ಶೈಲಿಯದಲ್ಲ.

ಉಳಿದುಬಂದ ಬಗೆ

1803ರಲ್ಲಿ ಬವೇರಿಯದ ಸರಕಾರವು ಮಠಗಳನ್ನು ವಿಸರ್ಜಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡಿತು. ಸ್ಟೈನ್‌ಗಾಡೆನ್ ಮಠವೂ ಮುಚ್ಚಿತು. ವೀಸ್ ಇಗರ್ಜಿ ಅನಾವಶ್ಯಕವೆಂದು ಎಣಿಸಲ್ಪಟ್ಟು, ಅದನ್ನು ಕೆಡವುವ ಆಲೋಚನೆ ನಡೆಯಿತು. ತಡೆದವರು ಸುತ್ತಮುತ್ತಲಿನ ರೈತರು. ಅವರಿಗೆ ಅದು ಕಲಾಕೃತಿಯಾಗಿರಲಿಲ್ಲ, ತಾವು ಮೊಣಕಾಲೂರಿ ಪ್ರಾರ್ಥಿಸುವ ತಾಣವಾಗಿತ್ತು. ವಿದ್ವಾಂಸರು ಅದರ ಹಿರಿಮೆಯನ್ನು ಹೊಗಳಿದುದೂ, ವಿಶ್ವಸಂಸ್ಥೆಯ ಅಂಗಸಂಸ್ಥೆ ಮಾನ್ಯತೆ ನೀಡಿದುದೂ ಬಹುಕಾಲದ ಅನಂತರ. 1985ರಿಂದ 1991ರವರೆಗೆ ಸಮಗ್ರ ಜೀರ್ಣೋದ್ಧಾರ ನಡೆಯಿತು.

ಸಂದರ್ಶಕರಿಗೆ

ಇಗರ್ಜಿಯು ಸ್ಟೈನ್‌ಗಾಡೆನ್ ಗ್ರಾಮಕ್ಕೆ ಸೇರಿದ್ದು. ರೈಲು ಸೌಕರ್ಯವಿರುವ ಫ್ಯೂಸೆನ್ ಪಟ್ಟಣದಿಂದ ಬಸ್ಸಿನಲ್ಲಿ ಹೋಗಬಹುದು. ಇದು ವಸ್ತುಸಂಗ್ರಹಾಲಯವಲ್ಲ, ಇಂದಿಗೂ ಬಲಿಪೂಜೆ ನಡೆಯುವ ಯಾತ್ರಾಸ್ಥಳ. ಆದುದರಿಂದ ಪೂಜೆಯ ಹೊತ್ತನ್ನು ಬಿಟ್ಟು ಹೋಗುವುದೂ, ಒಳಗೆ ಮೌನವಾಗಿರುವುದೂ ಯೋಗ್ಯ. ಬಿಸಿಲಿರುವ ಹಗಲನ್ನು ಆರಿಸಿಕೊಂಡು, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ, ಬೆಳಕು ಸರಿದಂತೆ ಗಾರೆಯ ಬಳ್ಳಿಗಳ ನೆರಳು ಬದಲಾಗುವುದನ್ನು ಕಾಣಬಹುದು.