ಉಳಿದ ಮರದ ಚೂರಿನಿಂದ ಕೋಸ್ಟರ್: ಒಲೆಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ

ಬಾಗಿಲು, ಕಿಟಕಿ, ಮಂಚ ಮಾಡಿಸಿದ ಮನೆಗಳಲ್ಲಿ ಬಡಗಿ ಕೆಲಸ ಮುಗಿಸಿ ಹೊರಟ ಮೇಲೆ ಗೇಣುದ್ದದ ಮರದ ಚೂರುಗಳ ರಾಶಿಯೊಂದು ಮೂಲೆಯಲ್ಲಿ ಉಳಿಯುತ್ತದೆ. ದುಬಾರಿ ಬೆಲೆ ತೆತ್ತು ತಂದ ತೇಗ, ಹೊನ್ನೆ, ಹಲಸಿನ ತುಂಡುಗಳೂ ಅದರಲ್ಲಿರುತ್ತವೆ. ಕೆಲವು ದಿನಗಳಲ್ಲಿ ಅವು ಒಲೆಯನ್ನೋ ಕಸದ ಲಾರಿಯನ್ನೋ ಸೇರುತ್ತವೆ. ಅದೇ ಮನೆಯವರು ಹೊಸ ಮೇಜಿನ ಮೇಲೆ ಬಿಸಿ ಕಾಫಿ ಲೋಟ ಇಟ್ಟು, ಪಾಲಿಶ್ ಮೇಲೆ ಮೂಡಿದ ಬಿಳಿ ಉಂಗುರ ನೋಡಿ ಪರಿತಪಿಸುವುದೂ ಉಂಟು. ಈ ಎರಡನೆಯ ಸಮಸ್ಯೆಗೆ ಮೊದಲನೆಯದರಲ್ಲೇ ಪರಿಹಾರವಿದೆ. ಅದುವೇ ಲೋಟದ ಅಡಿಗೆ ಇಡುವ ಮರದ ಬಿಲ್ಲೆ, ಅರ್ಥಾತ್ ಕೋಸ್ಟರ್.

ನೋಡಲು ಇದು ಸುಲಭದ ಕೆಲಸ. ಆದರೆ ಅವಸರದಲ್ಲಿ ಮಾಡಿದ ಕೋಸ್ಟರ್‌ಗಳು ಕೆಲವೇ ತಿಂಗಳಲ್ಲಿ ಸೊಟ್ಟಗಾಗುತ್ತವೆ ಅಥವಾ ಸೀಳುತ್ತವೆ. ಇದಕ್ಕೆ ಕಾರಣ ಕೈಚಳಕದ ಕೊರತೆಗಿಂತ ಹೆಚ್ಚಾಗಿ ಮರದೊಳಗಿನ ನೀರು.

ನೀರಿನ ಆಟ

ಕಡಿದ ಮೇಲೂ ಮರವು ಗಾಳಿಯ ತೇವಾಂಶವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ನಾರಿನ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ವಾರ್ಷಿಕ ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವ ಪ್ರಮಾಣವು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವ ಪ್ರಮಾಣದ ಸುಮಾರು ಎರಡರಷ್ಟು.

ಕೊಂಬೆಯನ್ನು ಅಡ್ಡಲಾಗಿ ಕೊಯ್ದು ತೆಗೆದ ದುಂಡನೆಯ ಬಿಲ್ಲೆಗಳು ಅಂದವಾಗಿ ಕಂಡರೂ ಒಣಗುವಾಗ ಅಂಚಿನಿಂದ ನಡುವಿನವರೆಗೆ ಬಿರಿಯುವುದು ಇದೇ ಕಾರಣಕ್ಕೆ. ಮೊದಲ ಬಾರಿ ಪ್ರಯತ್ನಿಸುವವರು ನಾರಿನ ಉದ್ದಕ್ಕೆ ಸೀಳಿದ ಹಲಗೆಯ ಚೂರುಗಳನ್ನೇ ಆರಿಸಿಕೊಳ್ಳುವುದು ಒಳಿತು.

ಯಾವ ಚೂರು ಸೂಕ್ತ?

ತೇಗದಲ್ಲಿ ಸಹಜವಾದ ಎಣ್ಣೆಯಂಶವಿದ್ದು, ಕುಗ್ಗುವಿಕೆ ಕಡಿಮೆ. ಹೀಗಾಗಿ ಅದು ಉತ್ತಮ ಆಯ್ಕೆ. ಹಲಸಿನ ಮರ ಮೊದಲು ಹಳದಿಯಾಗಿದ್ದು ಕಾಲಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಮಾವು, ಸಿಲ್ವರ್ ಓಕ್ ಸಹ ಬಳಸಬಹುದು. ಆದರೆ ಸಣ್ಣ ತೂತುಗಳಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳುವಿನ ಗುರುತು. ಅಂಥ ಚೂರನ್ನು ಮನೆಯೊಳಗೆ ತರಬಾರದು.

ಪ್ಲೈವುಡ್ ಮತ್ತು ಎಂಡಿಎಫ್ ತುಂಡುಗಳೂ ಈ ಕೆಲಸಕ್ಕೆ ತಕ್ಕವಲ್ಲ. ಎಂಡಿಎಫ್ ನೀರು ತಾಗಿದರೆ ಉಬ್ಬುತ್ತದೆ. ಹಳೆಯ ಮನೆ ಕೆಡವಿದಾಗ ಸಿಗುವ ಬಣ್ಣ ಬಳಿದ ಬಾಗಿಲುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಉಜ್ಜಿದರೆ ಸೀಸಮಿಶ್ರಿತ ಧೂಳು ಏಳುವ ಅಪಾಯವಿದೆ. ಇದು ಮಕ್ಕಳಿಗೆ ವಿಶೇಷವಾಗಿ ಹಾನಿಕರ.

ತೂಕ ಹೇಳುವ ಸತ್ಯ

ಮರ ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತೂಕದ ಯಂತ್ರ ಸಾಕು. ಚೂರುಗಳನ್ನು ಬಿಸಿಲಿಗೆ ಒಡ್ಡದೆ, ನಡುವೆ ಕಡ್ಡಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿಡಬೇಕು. ವಾರಕ್ಕೊಮ್ಮೆ ತೂಗಿ ಬರೆದಿಟ್ಟುಕೊಳ್ಳಬೇಕು. ಸತತ ಮೂರ್ನಾಲ್ಕು ವಾರ ತೂಕ ಇಳಿಯದಿದ್ದರೆ ಮರವು ಆ ಊರಿನ ಹವೆಗೆ ಹೊಂದಿಕೊಂಡಿದೆ ಎಂದರ್ಥ. ಊರಿನ ಹವೆ ಎಂಬುದು ಇಲ್ಲಿ ಮುಖ್ಯ. ಮಂಗಳೂರಿನ ಮಳೆಗಾಲದಲ್ಲಿ ಸ್ಥಿರವಾಗಿದ್ದ ಹಲಗೆ ಕಲಬುರಗಿಯ ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ.

ಕೊಯ್ಯುವ ಕ್ರಮ

30 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಒಂದೇ ಚೂರಿನಿಂದ ಆರು ಕೋಸ್ಟರ್‌ಗಳ ಒಂದು ಜೊತೆ ಸಿಗುತ್ತದೆ. ಮೊದಲು ಚೂರನ್ನು ದಪ್ಪದಲ್ಲಿ ಎರಡು ಹೋಳಾಗಿ ಸೀಳಿಸಿ, ಕೀಸುಳಿ ಹಾಕಿ ಸುಮಾರು 1 ಸೆಂ.ಮೀ. ದಪ್ಪಕ್ಕೆ ತರಬೇಕು. ಬಳಿಕವಷ್ಟೇ ಅಡ್ಡಲಾಗಿ ಕತ್ತರಿಸಿ ಚೌಕಗಳನ್ನು ಮಾಡಬೇಕು. ಈ ಕ್ರಮ ತಪ್ಪಬಾರದು. ತೀರ ಚಿಕ್ಕ ತುಂಡುಗಳನ್ನು ಸೀಳಲು ಯಂತ್ರದ ಗರಗಸಕ್ಕೆ ಒಡ್ಡಿದರೆ ಬೆರಳುಗಳು ಹಲ್ಲಿಗೆ ಹತ್ತಿರವಾಗುತ್ತವೆ. ಯಂತ್ರದ ಅಭ್ಯಾಸವಿಲ್ಲದವರು ಸೀಳುವ ಕೆಲಸವನ್ನು ಬಡಗಿಗೇ ಒಪ್ಪಿಸುವುದು ಕ್ಷೇಮ.

ಬಳಿಕ 80, 120, 220 ಸಂಖ್ಯೆಯ ಸ್ಯಾಂಡ್ ಪೇಪರ್‌ಗಳಿಂದ ಅನುಕ್ರಮವಾಗಿ, ನಾರಿನ ದಿಕ್ಕಿನಲ್ಲೇ ಉಜ್ಜಬೇಕು. ಮುಖಕ್ಕೆ ಮಾಸ್ಕ್ ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಯಾವ ಲೇಪನ?

ಬಹುತೇಕರು ಎಡವುವುದು ಇಲ್ಲಿ. ಅರಗಿನಿಂದ ತಯಾರಾಗುವ ಫ್ರೆಂಚ್ ಪಾಲಿಶ್ ಹೊಳಪಿಗೆ ಹೆಸರಾದರೂ ಶಾಖಕ್ಕೆ ಮೆತ್ತಗಾಗುತ್ತದೆ. ಮೇಜಿನ ಮೇಲೆ ಉಂಗುರ ಮೂಡಿಸಿದ ದೋಷ ಕೋಸ್ಟರ್‌ಗೂ ಅಂಟಿಕೊಳ್ಳುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗಳು ಈ ಗುಣವನ್ನೇ ಕಲೆಯಾಗಿಸಿದ್ದಾರೆ. ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಟಿಕೆಗೆ ಅದು ಶ್ರೇಷ್ಠ. ಆದರೆ ಕುದಿಯುವ ಕಾಫಿಯ ಲೋಟಕ್ಕೆ ಅಲ್ಲ.

ಜೇನುಮೇಣವೂ 65 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುತ್ತದೆ. ಕೊಬ್ಬರಿ ಎಣ್ಣೆ ಒಣಗಿ ಗಟ್ಟಿಯಾಗುವುದಿಲ್ಲ. ಬಿಸಿ ಮತ್ತು ನೀರು ಎರಡನ್ನೂ ತಾಳಲು ಪಾಲಿಯುರಿಥೇನ್ ವಾರ್ನಿಶ್ ಸೂಕ್ತ. ತೆಳುವಾಗಿ ಎರಡು ಮೂರು ಬಾರಿ ಹಚ್ಚಿ, ಪ್ರತಿ ಬಾರಿಯೂ ಪೂರ್ತಿ ಒಣಗಲು ಬಿಡಬೇಕು. ಸಹಜ ನೋಟ ಬಯಸುವವರು ಅಗಸೆ ಎಣ್ಣೆ ಬಳಸಬಹುದು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬಾರದು. ಈ ಎಣ್ಣೆ ಒಣಗುವಾಗ ಶಾಖ ಹೊಮ್ಮುತ್ತದೆ. ಮುದುಡಿದ ಬಟ್ಟೆ ಕಿಡಿಯಿಲ್ಲದೆಯೂ ತಾನಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ಹರವಿ ಒಣಗಿಸಬೇಕು ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಮೇಲ್ಭಾಗಕ್ಕೆ ಹಚ್ಚಿದಷ್ಟೇ ಲೇಪನವನ್ನು ತಳಕ್ಕೂ ಅಂಚುಗಳಿಗೂ ಹಚ್ಚಬೇಕು. ಒಂದೇ ಬದಿಗೆ ಹಚ್ಚಿದರೆ ಇನ್ನೊಂದು ಬದಿ ತೇವ ಹೀರಿ ಬಿಲ್ಲೆ ಬಾಗುತ್ತದೆ. ಕೊನೆಗೆ ತಳಕ್ಕೆ ತೆಳುವಾದ ಕಾರ್ಕ್ ಹಾಳೆ ಅಂಟಿಸಿದರೆ ಮೇಜಿಗೆ ಗೀರು ಬೀಳದು.

ಚೂರಿಗೂ ಬೆಲೆಯುಂಟು

ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಮೈಸೂರಿನ ಬೀಟೆ ಮರದ ಇನ್‌ಲೇ ಕಲೆಯಲ್ಲಿ ಬೇರೆ ಬೇರೆ ಬಣ್ಣದ ಮರಗಳ ಸಣ್ಣ ಚೂರುಗಳೇ ಚಿತ್ರವಾಗುತ್ತವೆ. ಅಲ್ಲಿ ಬೆರಳಗಲದ ತುಂಡೂ ವ್ಯರ್ಥವಲ್ಲ. ಮನೆಯ ಮೂಲೆಯ ರಾಶಿಯನ್ನೂ ಅದೇ ಕಣ್ಣಿನಿಂದ ನೋಡಬಹುದು. ಮರಕ್ಕೆ ಹಣ ಮೊದಲೇ ಸಂದಾಯವಾಗಿದೆ. ಈಗ ಬೇಕಿರುವುದು ಒಂದಿಷ್ಟು ಶ್ರಮ ಮತ್ತು ಚೂರು ಒಣಗುವವರೆಗೆ ಕಾಯುವ ತಾಳ್ಮೆ.