ಒಂದು ಪೌಂಡ್ ಧಾನ್ಯದ ಲೆಕ್ಕ

ಪುಣೆಯಲ್ಲಿ ಕೆಲಸ ಮಾಡುವ ಹೆಚ್ಚಿನವರ ಸಂಬಳದ ಚೀಟಿಯಲ್ಲಿ ಒಂದು ಸಣ್ಣ ಸಾಲು ಇರುತ್ತದೆ: ವೃತ್ತಿ ತೆರಿಗೆ, 200 ರೂಪಾಯಿ. ಫೆಬ್ರವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500. ಆದಾಯ ತೆರಿಗೆಯ ಪಕ್ಕದಲ್ಲಿ ಇದೇನು ಮಹಾ ಎಂದು ನಾನು ಅದರತ್ತ ನೋಡಿದವನೇ ಅಲ್ಲ.

ಕಳೆದ ವರ್ಷ ಒಂದು ಭಾನುವಾರ ಗೆಳೆಯನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಎಲ್ಲರೂ ಕನ್ನಡದವರು, ಹೆಚ್ಚಿನವರು ಐಟಿಯವರು. ಮಾತು ಊರಿನ ರಾಜಕೀಯಕ್ಕೆ ಹೊರಳಿ, ಅಲ್ಲಿಂದ ಬಿಟ್ಟಿ ಭಾಗ್ಯಗಳಿಗೆ ಬಂತು. ಅಕ್ಕಿ ಬಿಟ್ಟಿ, ಬಸ್ಸು ಬಿಟ್ಟಿ, ಮೇಲೆ ಎರಡು ಸಾವಿರ ರೂಪಾಯಿ. ಜನ ಕೆಲಸಕ್ಕೆ ಬರುತ್ತಿಲ್ಲ. ಎಲ್ಲ ನಮ್ಮ ಟ್ಯಾಕ್ಸ್ ದುಡ್ಡು. ನಾನೂ ತಲೆಯಾಡಿಸಿದೆ. ಅಲ್ಲಿದ್ದ ಹಿರಿಯರೊಬ್ಬರು, ವಿಜಯಪುರ ಕಡೆಯವರು, ನಲವತ್ತು ವರ್ಷದಿಂದ ಪುಣೆಯಲ್ಲೇ ಇರುವವರು, ನನ್ನನ್ನು ಕೇಳಿದರು: "ತಮ್ಮಾ, ನಿನ್ನ ಪಗಾರದಾಗ ಪಿ.ಟಿ. ಅಂತ ಕಟ್ ಆಗ್ತದಲ್ಲ, ಅದು ಯಾಕ ಸುರು ಆತು, ಗೊತ್ತದ ಏನು?"

ಗೊತ್ತಿರಲಿಲ್ಲ. "ಬರಗಾಲದಾಗ ಕಲ್ಲು ಒಡ್ಯಾವ್ರ ಕೂಲಿ ಕೊಡಾಕ" ಎಂದರು. ಅಷ್ಟೇ ಹೇಳಿ ಕೈ ತೊಳೆಯಲು ಎದ್ದು ಹೋದರು.

ಆ ಒಂದು ಮಾತಿನ ಬೆನ್ನು ಹತ್ತಿ ನಾನು ಓದಿದ್ದೇ ಈ ಬರಹ. ಮಹಾರಾಷ್ಟ್ರದ ವೃತ್ತಿ ತೆರಿಗೆ ಬಂದದ್ದು 1975ರಲ್ಲಿ, ಉದ್ಯೋಗ ಖಾತರಿ ಯೋಜನೆಗೆ ಹಣ ಹೊಂದಿಸಲಿಕ್ಕೆ. ಆದರೆ ಅದರ ಬೇರು ಹುಡುಕುತ್ತ ಹೋದರೆ ಇನ್ನೂ ನೂರು ವರ್ಷ ಹಿಂದೆ, ನಮ್ಮ ಅಜ್ಜ-ಅಜ್ಜಿಯರು 'ಧಾತು ಈಶ್ವರ ಬರ' ಎಂದು ನೆನೆಯುತ್ತಿದ್ದ ಕಾಲಕ್ಕೆ ಹೋಗಬೇಕಾಗುತ್ತದೆ.

ಧಾತು ಸಂವತ್ಸರ ಅಂದರೆ 1876-77, ಈಶ್ವರ ಅಂದರೆ 1877-78. 1876ರ ಮಳೆ ದಖ್ಖನ್ನಿಗೆ ಕೈಕೊಟ್ಟಿತು. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಕಲಾದಗಿ (ಈಗಿನ ವಿಜಯಪುರ-ಬಾಗಲಕೋಟೆ) ಮುಂಬಯಿ ಪ್ರಾಂತ್ಯದಲ್ಲಿ, ಬಳ್ಳಾರಿ ಮದ್ರಾಸಿನಲ್ಲಿ, ಮೈಸೂರು ಬ್ರಿಟಿಷ್ ಕಮಿಷನರ ಕೈಯಲ್ಲಿ, ಇನ್ನೊಂದಿಷ್ಟು ನಿಜಾಮನ ಸೀಮೆಯಲ್ಲಿ. ಬರ ಮಾತ್ರ ಗಡಿ ನೋಡಲಿಲ್ಲ. ಸರ್ಕಾರಗಳು ಪರಿಹಾರ ಕಾಮಗಾರಿ ತೆರೆದವು. ರಸ್ತೆಗೆ ಜಲ್ಲಿ ಒಡೆಯುವುದು, ಕೆರೆ ಅಗೆಯುವುದು, ರೈಲು ಹಳಿಗೆ ಮಣ್ಣು ಹಾಕುವುದು. ದುಡಿದವರಿಗೆ ದಿನದ ಕೂಲಿ. ಲಕ್ಷಗಟ್ಟಲೆ ಜನ ಬಂದು ಸೇರಿದರು.

ಇಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರುತ್ತಾನೆ. ಇವನ ಹಿಂದಿನ ಕಥೆ ಗೊತ್ತಿರದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1873-74ರಲ್ಲಿ ಬಿಹಾರಕ್ಕೆ ಬರ ಬಿದ್ದಾಗ ಪರಿಹಾರದ ಹೊಣೆ ಇವನದೇ ಆಗಿತ್ತು. ಬರ್ಮಾದಿಂದ ಅಕ್ಕಿ ತರಿಸಿ, ಕೈಬಿಚ್ಚಿ ಖರ್ಚು ಮಾಡಿದ. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಬ್ರಿಟಿಷ್ ಆಳ್ವಿಕೆಯ ಬರಗಳಲ್ಲಿ ಅಂಥದ್ದು ಅಪರೂಪ. ಆದರೆ ಅವನಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ಬೈಗುಳ. ಅರವತ್ತು ಲಕ್ಷ ಪೌಂಡಿಗೂ ಹೆಚ್ಚು ಹಣ ಪೋಲು ಮಾಡಿದ, ಜನರನ್ನು ಸೋಮಾರಿಗಳನ್ನಾಗಿ ಮಾಡಿದ ಎಂದು ಲಂಡನ್ನಿನ ಪತ್ರಿಕೆಗಳೂ ಮೇಲಧಿಕಾರಿಗಳೂ ಹರಿಹಾಯ್ದರು. ಜೀವ ಉಳಿಸಿದ್ದಕ್ಕೆ ಛೀಮಾರಿ ತಿಂದ ಆ ಮನುಷ್ಯ ಪಾಠ ಕಲಿತ. ಕಲಿತದ್ದು ತಪ್ಪು ಪಾಠ.

1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸಿದ. ಅದೇ ತಿಂಗಳು ಟೆಂಪಲ್‌ನನ್ನು ಬರಗಾಲದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳಿಸಿದ. ಉದ್ದೇಶ ಒಂದೇ: ಖರ್ಚು ಇಳಿಸಬೇಕು. ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಒಂದಾಣೆಗೆ ಮೀರದ ಚಿಲ್ಲರೆ ಎಂದು ನಿಗದಿ ಮಾಡಿದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇದಕ್ಕೇ 'ಟೆಂಪಲ್ ಕೂಲಿ' ಎಂಬ ಹೆಸರು ಬಂತು. ಒಂದು ಪೌಂಡ್ ಎಂದರೆ 450 ಗ್ರಾಂ. ನಮ್ಮ ಕಾಲದ ಲೆಕ್ಕದಲ್ಲಿ ಸುಮಾರು 1,600 ಕ್ಯಾಲೊರಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೇ ಅದು ಸಾಲದು. ಅವರು ಬಿಸಿಲಲ್ಲಿ ಕಲ್ಲು ಒಡೆಯುವವರು. ಇದರ ಜೊತೆಗೆ ಇನ್ನೊಂದು ಕಟ್ಟುನಿಟ್ಟು: ಕಾಮಗಾರಿ ಊರ ಹತ್ತಿರ ಇರಬಾರದು. ದೂರ ನಡೆದು ಬಂದು, ಮನೆ ಬಿಟ್ಟು ಅಲ್ಲೇ ತಂಗಲು ಒಪ್ಪುವವನೇ ನಿಜವಾಗಿ ಹಸಿದವನು ಎಂಬುದು ತರ್ಕ.

ಈ ತರ್ಕ ಭಾರತದಲ್ಲಿ ಹುಟ್ಟಿದ್ದಲ್ಲ. 1834ರಲ್ಲಿ ಇಂಗ್ಲೆಂಡು ಬಡವರ ಕಾನೂನನ್ನು ತಿದ್ದಿತು. ಪರಿಹಾರ ಬೇಡಿ ಬಂದವನ ಸ್ಥಿತಿ, ದುಡಿದು ತಿನ್ನುವ ಅತಿ ಬಡವನ ಸ್ಥಿತಿಗಿಂತಲೂ ಕೆಳಗಿರಬೇಕು. ಇಲ್ಲದಿದ್ದರೆ ಎಲ್ಲರೂ ಬೇಡಲು ಬರುತ್ತಾರೆ ಎಂಬ ತತ್ವ ಅದರ ಅಡಿಪಾಯ. ಆ ತತ್ವ ಹಡಗು ಹತ್ತಿ ದಖ್ಖನ್ನಿಗೂ ಬಂದಿತ್ತು.

ಸರ್ಕಾರದೊಳಗೇ ಎಲ್ಲರೂ ಇದನ್ನು ಒಪ್ಪಲಿಲ್ಲ ಎಂಬುದನ್ನು ಮರೆಯಬಾರದು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್, ಜೈಲಿನ ಕೈದಿಗೂ ಇದಕ್ಕಿಂತ ಹೆಚ್ಚು ಊಟ ಕೊಡುತ್ತೇವೆ ಎಂದು ತೋರಿಸಿಕೊಟ್ಟ. ಕಡೇಪಕ್ಷ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕೇ ಬೇಕು ಎಂದು ವಾದಿಸಿದ. ಟೆಂಪಲ್ ಮತ್ತು ಕಾರ್ನಿಶ್ ನಡುವೆ ಬರವಣಿಗೆಯ ಕದನವೇ ನಡೆಯಿತು. ಒಬ್ಬನ ಮುಂದೆ ಖಜಾನೆಯ ಲೆಕ್ಕ, ಇನ್ನೊಬ್ಬನ ಮುಂದೆ ಮೂಳೆ ಚಕ್ಕಳವಾದ ದೇಹಗಳು. ಲಿಟ್ಟನ್ ಟೆಂಪಲ್ ಪರ ನಿಂತ. ಕೊನೆಗೆ ಮದ್ರಾಸು ಸರ್ಕಾರ ಕಾರ್ನಿಶ್ ಕೇಳಿದ್ದರ ಅರ್ಧ ದಾರಿಗೆ ಬಂದು, ಧಾನ್ಯವನ್ನು ಒಂದಿಷ್ಟು ಏರಿಸಿ ಚೂರು ಬೇಳೆ ಸೇರಿಸಿತು.

ಮುಂಬಯಿ ಪ್ರಾಂತ್ಯದಲ್ಲಿ ನಡೆದದ್ದು ಬೇರೆ. ಕೂಲಿ ಇಳಿದ ಕೂಡಲೇ ಕಾಮಗಾರಿಗಳಲ್ಲಿದ್ದ ಜನ ಕೆಲಸ ಬಿಟ್ಟು ನಡೆದರು. ಹತ್ತಾರು ಸಾವಿರ ಜನ. ಹಸಿದವರು ಹೂಡಿದ ಮುಷ್ಕರ! ಯೂನಿಯನ್ ಇಲ್ಲ, ಬಾವುಟ ಇಲ್ಲ. ಈ ಕೂಲಿಗೆ ಈ ಕೆಲಸ ಆಗದು ಎಂದು ಹಾರೆ, ಬುಟ್ಟಿ ಇಟ್ಟು ಹೊರಟರು. ಅವರ ಪರವಾಗಿ ನಿಂತದ್ದು ಪುಣೆಯ ಸಾರ್ವಜನಿಕ ಸಭಾ. 1870ರಲ್ಲಿ ಶುರುವಾದ ಸಂಸ್ಥೆ. ಗಣೇಶ ವಾಸುದೇವ ಜೋಶಿ, ಮಹಾದೇವ ಗೋವಿಂದ ರಾನಡೆ ಅದರ ಹಿಂದಿದ್ದ ದೊಡ್ಡ ಹೆಸರುಗಳು. ವಕೀಲರು, ನ್ಯಾಯಾಧೀಶರು, ಓದಿದವರು. ಜಿಲ್ಲೆಗಳಿಂದ ವರದಿ ತರಿಸಿ ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಬರೆದರು.

ಸರ್ಕಾರದ ಕಡೆಯ ಉತ್ತರ ಓದಿದಾಗ ನನಗೆ ನಮ್ಮ ಊಟದ ಮೇಜೇ ನೆನಪಾಯಿತು. ಬಿಟ್ಟು ಹೋಗಿದ್ದಾರೆ ಅಂದರೆ ಅವರಿಗೆ ಅಗತ್ಯವೇ ಇರಲಿಲ್ಲ ಎಂದಾಯಿತಲ್ಲ! ಹಾಗಾದರೆ ಬಿಡದೆ ಉಳಿದವರು? ಉಳಿದಿದ್ದಾರೆ ಅಂದರೆ ಆ ಕೂಲಿ ಸಾಕಾಗುತ್ತಿದೆ ಎಂದರ್ಥ. ಹೋದರೂ ತಪ್ಪು, ಇದ್ದರೂ ತಪ್ಪು. ಈ ವಾದದೊಳಗೆ ಹಸಿದವನು ಗೆಲ್ಲುವ ದಾರಿಯೇ ಇಲ್ಲ.

ಖಜಾನೆಯಲ್ಲಿ ನಿಜಕ್ಕೂ ಹಣ ಇರಲಿಲ್ಲವೇ? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಬೇಕು. ಬೆಳ್ಳಿಯ ಬೆಲೆ ಕುಸಿದು ರೂಪಾಯಿ ಸೊರಗಿತ್ತು, ಲಂಡನ್ನಿಗೆ ಕಟ್ಟಬೇಕಾದ ಹಣದ ಭಾರ ಏರಿತ್ತು, ನಿಜ. ಆದರೆ ಬರಕ್ಕೆ ಬರೀ ಮೂರು ವರ್ಷ ಮುಂಚೆ, 1873ರಲ್ಲಿ, ಇದೇ ಸರ್ಕಾರ ಆದಾಯ ತೆರಿಗೆಯನ್ನು ರದ್ದು ಮಾಡಿತ್ತು. ಅದನ್ನು ಕಟ್ಟುತ್ತಿದ್ದವರು ಅಧಿಕಾರಿಗಳು, ವ್ಯಾಪಾರಿಗಳು, ಅನುಕೂಲಸ್ಥರು. ಉಪ್ಪಿನ ತೆರಿಗೆ ಮಾತ್ರ ಉಳಿಯಿತು. ಬರದ ಖರ್ಚಿಗೆಂದು 1878ರಲ್ಲಿ ಲೈಸೆನ್ಸ್ ತೆರಿಗೆ ತಂದಾಗಲೂ ಅದು ಬಿದ್ದದ್ದು ವ್ಯಾಪಾರಿ, ಕಸುಬುದಾರರ ಮೇಲೆ; ಸರ್ಕಾರಿ ಸಂಬಳದವರಿಗೆ ವಿನಾಯಿತಿ. ಸೂರತ್ತಿನಲ್ಲಿ ಅದರ ವಿರುದ್ಧ ಗಲಭೆಯೇ ಆಯಿತು. ಇನ್ನು ಬರ ನಿಧಿಗೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಎತ್ತಿಡುತ್ತೇವೆ ಎಂದು ಕೊಟ್ಟ ಮಾತು, ಆಫ್ಘನ್ ಯುದ್ಧ ಶುರುವಾದ ಕೂಡಲೇ ಬದಿಗೆ ಸರಿಯಿತು. ಹಣ ಇರಲಿಲ್ಲ ಎನ್ನುವುದಕ್ಕಿಂತ, ಯಾರಿಂದ ತೆಗೆದುಕೊಳ್ಳಬೇಕು, ಯಾರಿಗೆ ಕಡಿತ ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು ಎನ್ನುವುದು ಸರಿ.

ಬೆಲೆ ತೆತ್ತವರು ಯಾರು? ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆ. ಕಲಾದಗಿ ಜಿಲ್ಲೆ ಎಂಟು ಲಕ್ಷದ ಮೇಲಿದ್ದದ್ದು ಆರೂವರೆ ಲಕ್ಷದ ಕೆಳಗಿಳಿಯಿತು. ಬ್ರಿಟಿಷ್ ಪ್ರಾಂತ್ಯಗಳಲ್ಲೇ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಸರ್ಕಾರವೇ ನೇಮಿಸಿದ ಬರಗಾಲ ಆಯೋಗ ಲೆಕ್ಕ ಹಾಕಿತು. ಇವರೆಲ್ಲ ಕೂಲಿ ಕಡಿತದಿಂದಲೇ ಸತ್ತರು ಎಂದರೆ ಅದು ಸುಳ್ಳಾಗುತ್ತದೆ. ಮಳೆ ಹೋಯಿತು, ಧಾನ್ಯದ ಬೆಲೆ ಏರಿತು, ಕಾಲರಾ, ಸಿಡುಬು, ಜ್ವರ ಬಂತು. ಆದರೆ ರೋಗಕ್ಕೆ ಸೋತ ದೇಹಗಳನ್ನು ಸೊರಗಿಸಿದ್ದರಲ್ಲಿ ಆ ಒಂದು ಪೌಂಡಿನ ಪಾಲೂ ಇತ್ತು.

ಪುಣೆಯ ಮಿಲಿಟರಿ ಲೆಕ್ಕಪತ್ರ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ, ವಾಸುದೇವ ಬಲವಂತ ಫಡ್ಕೆ. ತಿಂಗಳ ಸಂಬಳದವನು, ನಮ್ಮಂತೆಯೇ. ಬರದ ಜಿಲ್ಲೆಗಳನ್ನು ಸುತ್ತಿ ಬಂದವನಿಗೆ ಸಂಬಳ ಗಂಟಲಲ್ಲಿ ಇಳಿಯದಾಯಿತು. ಮನವಿ ಬರೆಯುವವರ ದಾರಿ ಬಿಟ್ಟು, ರಾಮೋಶಿಗಳನ್ನು ಕಟ್ಟಿಕೊಂಡು 1879ರಲ್ಲಿ ಬಂಡೆದ್ದ. ಕೆಲವೇ ತಿಂಗಳು. ಅಟ್ಟಿಸಿಕೊಂಡು ಬಂದ ಪಡೆಗೆ ಆ ಜುಲೈನಲ್ಲಿ ಸಿಕ್ಕಿಬಿದ್ದದ್ದು ನಮ್ಮ ಕಲಾದಗಿ ಜಿಲ್ಲೆಯಲ್ಲೇ. 1883ರಲ್ಲಿ ಏಡನ್ನಿನ ಜೈಲಿನಲ್ಲಿ ತೀರಿಕೊಂಡ. ಅವನ ದಾರಿ ಸರಿಯೋ ತಪ್ಪೋ, ಕಡಿತದ ಆದೇಶಗಳು ಕಾಗದದಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಅವನು ಸಾಕ್ಷಿ.

ಆಯೋಗದ ವರದಿ 1880ರಲ್ಲಿ ಬಂತು. ಮೈಸೂರಿನ ಬರ ಪರಿಹಾರ ನೋಡಿಕೊಂಡು, ಅದರ ಚರಿತ್ರೆಯನ್ನೂ ಬರೆದಿದ್ದ ಚಾರ್ಲ್ಸ್ ಎಲಿಯಟ್ ಅದರ ಕಾರ್ಯದರ್ಶಿ. ಜನರ ಜೀವ ಉಳಿಸುವುದು ಸರ್ಕಾರದ ಕರ್ತವ್ಯ ಎಂದು ಒಪ್ಪಿ, ಬರಗಾಲ ಸಂಹಿತೆಗಳಿಗೆ ಅಡಿಪಾಯ ಹಾಕಿತು. ಜಿಪುಣತನ ಪೂರ್ತಿ ಹೋಗಲಿಲ್ಲ, ಆದರೆ ಯಾವಾಗ ಕಾಮಗಾರಿ ತೆರೆಯಬೇಕು, ಎಷ್ಟು ಕೊಡಬೇಕು ಎಂಬುದು ಒಬ್ಬ ಅಧಿಕಾರಿಯ ಮರ್ಜಿಯಿಂದ ನಿಯಮದ ಪುಸ್ತಕಕ್ಕೆ ಬಂತು.

ಇನ್ನು ನೂರು ವರ್ಷ ಮುಂದೆ ಬನ್ನಿ. 1972-73ರಲ್ಲಿ ಮಹಾರಾಷ್ಟ್ರಕ್ಕೆ ಭೀಕರ ಬರ. 1973ರ ಮೇ ತಿಂಗಳಲ್ಲಿ ಸುಮಾರು ಐವತ್ತು ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿದ್ದರು. ಅದೇ ಸೊಲ್ಲಾಪುರ, ಅದೇ ಅಹಮದನಗರ, ಅದೇ ಕಲ್ಲು. ಆದರೆ ಈ ಸಲ ಅವರ ಕೈಯಲ್ಲಿ ಮತ ಇತ್ತು. ಕೂಲಿ ತಡವಾದರೆ ಮೋರ್ಚಾ, ಕೆಲಸ ಸಿಗದಿದ್ದರೆ ಘೇರಾವ್. ದೊಡ್ಡ ಸಾವುನೋವು ಆಗಲಿಲ್ಲ. ಆ ಒತ್ತಡ ಹಾಗೂ ವಿ. ಸ. ಪಾಗೆಯವರಂಥವರ ಪ್ರಯತ್ನ ಸೇರಿ ಉದ್ಯೋಗ ಖಾತರಿ ಯೋಜನೆ ಬೆಳೆಯಿತು. ಅದು ಕಾನೂನಾದದ್ದು 1977ರಲ್ಲಿ, ಟೆಂಪಲ್ ಕೂಲಿ ಬಂದು ಸರಿಯಾಗಿ ನೂರು ವರ್ಷಕ್ಕೆ. ಹಣ ಎಲ್ಲಿಂದ? ನಗರದ ಸಂಬಳದಾರರಿಂದ, ವೃತ್ತಿ ತೆರಿಗೆಯಾಗಿ. 1878ರಲ್ಲಿ ವಿನಾಯಿತಿ ಪಡೆದಿದ್ದ ವರ್ಗವೇ ಈಗ ಮೊದಲ ಪಾಲು ಕೊಡಬೇಕಾಯಿತು.

ಕಥೆ ಇಲ್ಲಿಗೆ ಸುಖಾಂತವಾಗುವುದಿಲ್ಲ. 1988ರಲ್ಲಿ ಆ ಯೋಜನೆಯ ಕೂಲಿ ಸುಮಾರು ದುಪ್ಪಟ್ಟಾಯಿತು. ಆಮೇಲೆ ಕೆಲಸ ಸಿಗುವುದೇ ಕಡಿಮೆಯಾಯಿತು. ಕೂಲಿ ಕಡಿತ ಮಾಡಿದರೆ ಸುದ್ದಿಯಾಗುತ್ತದೆ. ಕಾಮಗಾರಿ ತೆರೆಯದಿದ್ದರೆ ಯಾರಿಗೂ ಕಾಣುವುದಿಲ್ಲ. ಆದರೂ ಅದರ ಅನುಭವದಿಂದಲೇ 2005ರ ರಾಷ್ಟ್ರೀಯ ಕಾಯ್ದೆ ರೂಪುಗೊಂಡಿತು. ಕೆಲಸ ಊರಿನಿಂದ ಐದು ಕಿಲೋಮೀಟರ್ ಒಳಗಿರಬೇಕು, ದೂರವಾದರೆ ಶೇಕಡಾ 10 ಹೆಚ್ಚು ಕೂಲಿ. ಕುಡಿಯುವ ನೀರು, ನೆರಳು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು ಎಂದು ಅದರಲ್ಲಿ ಬರೆದರು. ಓದುವಾಗ ಇವು ಒಣ ನಿಯಮಗಳು. 1877ನ್ನು ಓದಿದ ಮೇಲೆ, ಒಂದೊಂದೂ ಟೆಂಪಲ್‌ಗೆ ಕೊಟ್ಟ ತಡವಾದ ಉತ್ತರದಂತೆ ಕಾಣುತ್ತದೆ.

ದೆಹಲಿಯ ಕನ್ನಡಿಗರು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುವಾಗ ಮನ್ಮಾಡಿನಿಂದ ದೌಂಡ್‌ವರೆಗೆ ಸಾಗುವ ಹಳಿಯ ಮಣ್ಣಿನ ಕೆಲಸ ನಡೆದದ್ದು ಆ ಬರದ ಕೂಲಿಗಳ ಕೈಯಿಂದ. ಚೆನ್ನೈಯವರು ದಿನವೂ ಮೂಗು ಮುಚ್ಚಿಕೊಂಡು ದಾಟುವ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಅಗೆದವರೂ ಅವರೇ. ಅದಕ್ಕೆ ಗವರ್ನರನ ಹೆಸರು. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣನ್ನೂ ಅಂಥವರೇ ಹೊತ್ತರು. ಬಿಟ್ಟಿ ತಿಂದವರು ಎನಿಸಿಕೊಂಡವರು ಬಿಟ್ಟುಹೋದ ಆಸ್ತಿ ಇದು.

ಮೊನ್ನೆ ಮತ್ತೆ ಅದೇ ಗೆಳೆಯನ ಮನೆಯಲ್ಲಿ ಅದೇ ವಾದ. ಈ ಸಲ ನಾನು ತಲೆಯಾಡಿಸಲಿಲ್ಲ. ಗೆಳೆಯ ಹೇಳಿದ, ಯೋಜನೆಗಳಲ್ಲಿ ಸೋರಿಕೆ ಇದೆ, ಸಾಲ ಏರುತ್ತಿದೆ, ಉಳ್ಳವರೂ ಪಡೆಯುತ್ತಿದ್ದಾರೆ. ಇವು ಸುಳ್ಳಲ್ಲ, ಲೆಕ್ಕ ಕೇಳಲೇಬೇಕು ಎಂದು ನಾನೂ ಒಪ್ಪಿದೆ. "ಆದರೆ ಎಷ್ಟು ಕಡಿತ ಮಾಡಬಹುದು ಅಂತ ನಾವು ಹೇಳೋ ಮೊದಲು, ಎಷ್ಟಿದ್ರೆ ಸಾಕಾಗತ್ತೆ ಅಂತ ಅದನ್ನು ತಿನ್ನೋರನ್ನ ಯಾರಾದ್ರೂ ಕೇಳಿದಾರಾ?" ಎಂದೆ. ಅವನು ಉತ್ತರ ಕೊಡಲಿಲ್ಲ; ಇನ್ನೊಂದು ರೊಟ್ಟಿ ಬಡಿಸಿದ. ವಿಜಯಪುರದ ಹಿರಿಯರು ತಟ್ಟೆಯಿಂದ ತಲೆ ಎತ್ತಿ ಒಮ್ಮೆ ನನ್ನತ್ತ ನೋಡಿ, ಮತ್ತೆ ಊಟಕ್ಕೆ ತಿರುಗಿದರು.