ಯಕೃತ್ತಿಗೆ ಬರೆದ ಚರಮಲೇಖ

ನಮ್ಮ ಕನ್ನಡ ಮಾಧ್ಯಮದ ಪಾಠಗಳಲ್ಲಿ ಯಕೃತ್ತಿಗೆ ಇನ್ನೊಂದು ಹೆಸರಿದೆ, ಪಿತ್ತಜನಕಾಂಗ. ಪಿತ್ತವನ್ನು ಹುಟ್ಟಿಸುವ ಅಂಗ ಎಂದರ್ಥ. (ಕಾಸರಗೋಡಿನ ಮಕ್ಕಳಿಗೆ ಮತ್ತೊಂದು ತೊಡಕು: ಮಲಯಾಳದ 'ಕರಳ್' ಎಂದರೆ ಯಕೃತ್ತು, ನಮ್ಮ 'ಕರುಳು' ಬೇರೆಯೇ.) ಹೆಸರು ತಪ್ಪೇನಲ್ಲ. ಆದರೆ ಆ ಅಂಗದ ದುಡಿಮೆಯಲ್ಲಿ ಪಿತ್ತ ಒಂದು ಪಾಲು ಮಾತ್ರ. ಉಳಿದದ್ದು ಗೊತ್ತಾಗಲು ಬಹಳ ಕಾಲ ಹಿಡಿಯಿತು.

ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲೆನ್ ಯಕೃತ್ತಿಗೆ ರಾಜಪದವಿ ಕೊಟ್ಟಿದ್ದ. ಉಂಡದ್ದು ಕರುಳಿನಿಂದ ಅಲ್ಲಿಗೆ ಹೋಗಿ ರಕ್ತವಾಗುತ್ತದೆ ಎಂದು ಅವನ ಮತ. ಯುರೋಪು ಸುಮಾರು ಸಾವಿರದ ಐನೂರು ವರ್ಷ ಅದನ್ನೇ ನಂಬಿತು. 1651ರಲ್ಲಿ ಫ್ರಾನ್ಸಿನ ಪೆಕೆ ಎಂಬವನು, ಕರುಳಿನಿಂದ ಹೊರಡುವ ಹಾಲಿನಂಥ ರಸ ಯಕೃತ್ತಿಗೆ ಹೋಗದೆ ಎದೆಯ ನಾಳದ ಮೂಲಕ ರಕ್ತ ಸೇರುವುದನ್ನು ತೋರಿಸಿದ. ಅದು ಕೊಬ್ಬಿನ ದಾರಿ. ಸಕ್ಕರೆಯ ದಾರಿ ಯಕೃತ್ತಿನ ಮೂಲಕವೇ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲವಲ್ಲ! ಡೆನ್ಮಾರ್ಕಿನ ಥಾಮಸ್ ಬಾರ್ಥೊಲಿನ್ 1653ರಲ್ಲಿ ಯಕೃತ್ತಿಗೆ ಚರಮಲೇಖವನ್ನೇ ಬರೆದುಬಿಟ್ಟ. ರಾಜ್ಯ ಹೋಯಿತು, ಉಳಿದದ್ದು ಪಿತ್ತ. ನಮ್ಮ ಹೆಸರೂ ಅಲ್ಲಿಗೇ ನಿಂತಂತಿದೆ.

ಸತ್ತ ರಾಜನನ್ನು ಎಬ್ಬಿಸಿದವನು ಫ್ರಾನ್ಸಿನ ಕ್ಲೋಡ್ ಬರ್ನಾರ್, ದ್ರಾಕ್ಷಿತೋಟದ ಕೆಲಸಗಾರನ ಮಗ. ಸಕ್ಕರೆ ತಯಾರಿಸುವುದು ಗಿಡಗಳು ಮಾತ್ರ, ಪ್ರಾಣಿಗಳು ಅದನ್ನು ತಿಂದು ಖರ್ಚು ಮಾಡುತ್ತವೆ ಎಂಬುದು ಆ ಕಾಲದ ಸಿದ್ಧಾಂತ. 1848ರಲ್ಲಿ ಬರ್ನಾರ್, ಬರೇ ಮಾಂಸ ತಿಂದ ನಾಯಿಯಲ್ಲಿ ಯಕೃತ್ತಿನಿಂದ ಹೊರಬರುವ ರಕ್ತವನ್ನು ಪರೀಕ್ಷಿಸಿದ. ಸಕ್ಕರೆ ಇತ್ತು! 1855ರಲ್ಲಿ ಹೊರತೆಗೆದ ಯಕೃತ್ತಿನ ರಕ್ತನಾಳಗಳಿಗೆ ನಲವತ್ತು ನಿಮಿಷ ನೀರು ಹಾಯಿಸಿ, ಸಕ್ಕರೆಯ ಸುಳಿವೂ ಇಲ್ಲದಂತೆ ತೊಳೆದು ಇಟ್ಟ. ಮರುದಿನ ನೋಡಿದರೆ ಮತ್ತೆ ಸಕ್ಕರೆ. ಅಂದರೆ ಒಳಗೆ ಯಾವುದೋ ದಾಸ್ತಾನು ಇದೆ. 1857ರಲ್ಲಿ ಅದನ್ನು ಬೇರ್ಪಡಿಸಿ ಗ್ಲೈಕೋಜನ್ ಎಂದು ಹೆಸರಿಟ್ಟ. ಮಧ್ಯಾಹ್ನದ ಅನ್ನದ ಸಕ್ಕರೆಯನ್ನು ಹೀಗೆ ಕೂಡಿಟ್ಟು ರಾತ್ರಿ ಸ್ವಲ್ಪ ಸ್ವಲ್ಪವೇ ಬಿಡುವುದರಿಂದಲೇ ನಾವು ನಿದ್ದೆಯಲ್ಲೂ ಕ್ಷೇಮ.

ಇದಕ್ಕೆಲ್ಲ ಬೆಲೆ ತೆತ್ತದ್ದು ನಾಯಿ, ಮೊಲಗಳು. ಜೀವಂತ ಪ್ರಾಣಿಗಳನ್ನು ಕೊಯ್ಯುವುದನ್ನು ವಿರೋಧಿಸಿದ ಬರ್ನಾರನ ಹೆಂಡತಿ ಕೊನೆಗೆ ಅವನಿಂದ ಬೇರೆಯಾದಳು. ಪಾಠಪುಸ್ತಕದಲ್ಲಿ ಆಕೆಗೆ ಜಾಗವಿಲ್ಲ, ಇರಬೇಕಿತ್ತು ಎಂದು ನನ್ನ ಅಭಿಪ್ರಾಯ.

ಕಸ ತೆಗೆಯುವ ಕೆಲಸದ ಗುಟ್ಟು ಬಿಚ್ಚಿದ್ದು ಇನ್ನೂ ತಡವಾಗಿ. ಬೇಳೆ, ಮೀನಿನ ಪ್ರೋಟೀನು ಒಡೆದಾಗ ಅಮೋನಿಯ ಬರುತ್ತದೆ, ಅದು ವಿಷ. ಯಕೃತ್ತು ಅದನ್ನು ಯೂರಿಯ ಮಾಡಿ ಮೂತ್ರಪಿಂಡಕ್ಕೆ ಒಪ್ಪಿಸುತ್ತದೆ. ಹೇಗೆ ಎಂಬುದನ್ನು 1932ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ವೈದ್ಯ ವಿದ್ಯಾರ್ಥಿ ಕುರ್ಟ್ ಹೆನ್ಸೆಲೈಟ್ ಕಂಡುಹಿಡಿದರು. ಇಲಿಯ ಯಕೃತ್ತಿನ ತೆಳು ಹೋಳುಗಳಿಗೆ ಆರ್ನಿಥಿನ್ ಎಂಬ ವಸ್ತುವನ್ನು ಚೂರು ಹಾಕಿದರೂ ಯೂರಿಯ ಬಹಳ ಹೆಚ್ಚುತ್ತಿತ್ತು, ಆರ್ನಿಥಿನ್ ಮಾತ್ರ ಖರ್ಚಾಗುತ್ತಿರಲಿಲ್ಲ. ಏತದ ಬುಟ್ಟಿಯಂತೆ ಅದು ತುಂಬಿಕೊಂಡು ಹೋಗಿ, ಸುರಿದು, ಮತ್ತೆ ಬರುತ್ತಿತ್ತು. ಮರುವರ್ಷವೇ ನಾಜಿ ಸರಕಾರ ಯಹೂದಿ ಎಂಬ ಕಾರಣಕ್ಕೆ ಕ್ರೆಬ್ಸರನ್ನು ಕೆಲಸದಿಂದ ತೆಗೆಯಿತು. ಅವರು ಇಂಗ್ಲೆಂಡಿನ ಕೇಂಬ್ರಿಜಿಗೆ ಹೋದರು.